ಹೊರಗಿನ ಹಾರ್ಡ್ ಡಿಸ್ಕಿಗೆ ಹಗುರ ಲಿನಕ್ಸ್: ಹಾಕಿದವರು ಹೇಳಿ

ಪ್ರಶ್ನೆ: 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್ ಇದೆ. ಒಳಗಿನ ವಿಂಡೋಸ್ ಮುಟ್ಟದೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಲಿನಕ್ಸ್ ಹಾಕಬೇಕು. ಯಾವುದು ಒಳ್ಳೇದು? ಎಲ್ಲಿ ಎಡವುತ್ತೇನೆ?

ಉತ್ತರ: ಯಾವ ಲಿನಕ್ಸ್ ಅನ್ನೋದು ಆಮೇಲೆ, ಬೂಟ್‌ಲೋಡರ್ (ಆನ್ ಮಾಡಿದಾಗ ಲಿನಕ್ಸನ್ನೋ ವಿಂಡೋಸನ್ನೋ ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಎಲ್ಲಿ ಕೂರುತ್ತದೆ ಅಂತ ಮೊದಲು ನೋಡಿ. ನಾನು ಎಕ್ಸ್‌ಟರ್ನಲ್ ಡಿಸ್ಕನ್ನೇ ಆರಿಸಿದ್ದೆ, ಎರಡು ಸಲ ನೋಡಿದ್ದೆ, ಆದರೂ ಇನ್‌ಸ್ಟಾಲರ್ ಲಿನಕ್ಸಿನ ಬೂಟ್‌ಲೋಡರ್ ಆದ ಗ್ರಬ್ಬನ್ನು ಒಯ್ದು ಒಳಗಿನ ಡಿಸ್ಕಿನ ಇಎಫ್‌ಐ ಪಾರ್ಟಿಶನ್ನಿಗೆ (ಬೂಟ್ ಫೈಲುಗಳಿರುವ ಸಣ್ಣ ಭಾಗ) ಹಾಕಿತ್ತು. ಮಾರನೇ ದಿನ ಡಿಸ್ಕ್ ಕಿತ್ತು ಆನ್ ಮಾಡಿದರೆ ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ, ಕಪ್ಪು ಪರದೆ ಮೇಲೆ ಗ್ರಬ್ ಅಂತ ಒಂದೇ ಸಾಲು. ಜೀವ ಬಾಯಿಗೆ ಬಂತು. ಬಯಾಸಿನ (ಲ್ಯಾಪ್‌ಟಾಪಿನ ಮೂಲ ಸೆಟಪ್) ಬೂಟ್ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದಾಗ ಸರಿಹೋಯ್ತು ಅನ್ನಿ. ಎರಡನೇ ಸಲ ಒಳಗಿನ ಡಿಸ್ಕನ್ನೇ ಬಿಚ್ಚಿಟ್ಟು ಹಾಕಿದೆ. ಗ್ರಬ್ಬಿಗೆ ಹೋಗೋಕೆ ಬೇರೆ ಜಾಗವೇ ಇರಲಿಲ್ಲವಲ್ಲ!

ಕೇಳಿದವರು: ಸ್ಕ್ರೂ ಬಿಚ್ಚುವ ಧೈರ್ಯ ನನಗಿಲ್ಲ.

ಉತ್ತರ: ಬಿಚ್ಚಲೇಬೇಕು ಅಂತಿಲ್ಲ. ಲೈವ್ ಪೆನ್‌ಡ್ರೈವಿನಿಂದ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವಂಥದ್ದು) ಬೂಟ್ ಮಾಡಿ, ಪಾರ್ಟಿಶನ್ ತಿದ್ದುವ ಜಿಪಾರ್ಟೆಡ್‌ನಲ್ಲಿ ಒಳಗಿನ ಇಎಫ್‌ಐ ಪಾರ್ಟಿಶನ್ನಿನ ಬೂಟ್, ಇಎಸ್‌ಪಿ ಫ್ಲ್ಯಾಗ್ (ಬೂಟ್ ಪಾರ್ಟಿಶನ್ ಇದೇ ಅಂತ ತೋರಿಸುವ ಗುರುತು) ತೆಗೆಯಿರಿ, ಆಗ ಇನ್‌ಸ್ಟಾಲರ್ ಗ್ರಬ್ಬನ್ನು ಅಲ್ಲಿಗೆ ಹಾಕಲ್ಲ. ಎಕ್ಸ್‌ಟರ್ನಲ್ ಡಿಸ್ಕಿನ ಪಾರ್ಟಿಶನ್ ಪಟ್ಟಿಯನ್ನು ಜಿಪಿಟಿ ಮಾದರಿಗೆ ಮಾಡಿ ಅದರಲ್ಲೇ 512 ಎಂಬಿಯ ಫ್ಯಾಟ್32 ಪಾರ್ಟಿಶನ್ ಇಟ್ಟು, ಆ ಫ್ಲ್ಯಾಗ್ ಅದಕ್ಕೆ ಕೊಡಿ. ಇನ್‌ಸ್ಟಾಲ್ ಮುಗಿದ ಮೇಲೆ ಒಳಗಿನ ಫ್ಲ್ಯಾಗ್ ವಾಪಸ್ ಹಾಕೋದು ಮರೀಬೇಡಿ. ಬೇರೆ ಕಂಪ್ಯೂಟರಿಗೂ ಚುಚ್ಚಿ ಓಡಿಸುವ ಆಸೆ ಇದ್ದರೆ ಗ್ರಬ್ ಹಾಕುವಾಗ ರಿಮೂವಬಲ್ ಆಯ್ಕೆ ಕೊಡಿ, ಇಲ್ಲದಿದ್ದರೆ ಗ್ರಬ್ಬಿನ ಗುರುತು ನಿಮ್ಮ ಲ್ಯಾಪ್‌ಟಾಪಿಗೆ ಮಾತ್ರ ಇರುತ್ತದೆ. ಮತ್ತೆ, ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರು ನಂಬಬೇಡಿ, ಅದು ಅದಲುಬದಲಾಗುತ್ತದೆ. ಡಿಸ್ಕಿನ ಗಾತ್ರ ನೋಡಿ ಗುರುತಿಸಿ.

ಇನ್ನೊಬ್ಬರು: ನಾನು ಎಂಎಕ್ಸ್ ಲಿನಕ್ಸನ್ನು ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಡೆಸ್ಕ್‌ಟಾಪ್ ಜೊತೆ ಹಾಕಿದ್ದೇನೆ. 4 ಜಿಬಿಗೆ ಸಾಕು, ರ‍್ಯಾಮ್ ಜಾಸ್ತಿ ತಿನ್ನೋದು ಬ್ರೌಸರ್, ಡೆಸ್ಕ್‌ಟಾಪ್ ಅಲ್ಲ. ತಿರುಗುವ ಹಾರ್ಡ್ ಡಿಸ್ಕ್ ಆದ್ದರಿಂದ ಬೂಟ್ ನಿಧಾನ, ಅದಕ್ಕೆ ಸಿದ್ಧರಿರಿ. ಯುಎಸ್‌ಬಿ 3.0 ಪೋರ್ಟ್ ಇದ್ದರೆ ಅದಕ್ಕೇ ಚುಚ್ಚಿ, 2.0ಗೆ ಸೆಕೆಂಡಿಗೆ 480 ಮೆಗಾಬಿಟ್ಟೇ ಮಿತಿ. ನಿಧಾನ ಸಹಿಸೋಕೇ ಆಗಲ್ಲ ಅಂದರೆ ಪಪ್ಪಿ ಲಿನಕ್ಸ್ ನೋಡಿ, ಅದು ಇಡಿಯಾಗಿ ರ‍್ಯಾಮಿಗೆ ಹತ್ತಿ ಕೂರುತ್ತದೆ. ಕೇಬಲ್ ಮಾತ್ರ ಗಟ್ಟಿ ಇರಲಿ. ನನ್ನದು ಕೆಲಸದ ನಡುವೆ ಕಳಚಿ ಫೈಲ್ ಸಿಸ್ಟಮ್ಮೇ ಕೆಟ್ಟಿತ್ತು.

ಮತ್ತೊಬ್ಬರು: ವಿಂಡೋಸಿನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ಎನ್‌ಕ್ರಿಪ್ಶನ್) ಆನ್ ಇದೆಯಾ ನೋಡಿದ್ರಾ? ಲಿನಕ್ಸ್ ಹಾಕೋಕೆ ಅಂತ ಬಯಾಸಿನಲ್ಲಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಬೂಟ್‌ಲೋಡರ್ ತಡೆಯುವ ಆಯ್ಕೆ) ಆಫ್ ಮಾಡಿದರೆ ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು. ಕೀ ಬರೆದಿಟ್ಟುಕೊಂಡೇ ಶುರು ಮಾಡಿ.