ಹಳೇ ಫ್ರ್ಯಾಕ್ಚರ್ ಆದ ಆಂಕಲ್ ನೋವಿಗೆ ಅರಿಶಿನ, ಎಣ್ಣೆ, ಶಾಖ: ಯಾವುದು ನಿಜವಾಗ್ಲೂ ಕೈ ಹಿಡಿಯುತ್ತೆ?

ಹಳೇಪೆಟ್ಟು:
ಎಲ್ರಿಗೂ ನಮಸ್ಕಾರ. ನನಗೆ 46. 19 ವರ್ಷದ ಹಿಂದೆ ಬೈಕಿಂದ ಬಿದ್ದು ಬಲಗಾಲಿನ ಆಂಕಲ್, ಅಂದ್ರೆ ಪಾದದ ಮೇಲಿನ ಗಂಟು, ಮುರಿದು ಪ್ಲೇಟು ಸ್ಕ್ರೂ ಹಾಕಿದ್ರು, ಆಮೇಲೆ ಅದನ್ನ ಮರೆತೇಬಿಡೋ ಅಷ್ಟು ಆರಾಮಾಗಿದ್ದೆ. ಈಗ ಎರಡು ವರ್ಷದಿಂದ ಬೆಳಿಗ್ಗೆ ಕಾಲು ನೆಲಕ್ಕೆ ಊರಿದ ಕೂಡ್ಲೆ ಗಂಟು ಹಿಡ್ಕೊಂಡಿರುತ್ತೆ, ಮಂಚದ ಅಂಚು ಹಿಡ್ಕೊಂಡು ಹತ್ತು ಹೆಜ್ಜೆ ಹಾಕಿದ್ಮೇಲೆ ಸಡಿಲ ಆಗುತ್ತೆ, ಮೆಟ್ಟಿಲು ಹತ್ತೋದು ಪರವಾಗಿಲ್ಲ ಆದ್ರೆ ಇಳಿಯೋವಾಗ ಒಂದೊಂದು ಮೆಟ್ಟಿಲಿಗೂ ಎರಡು ಕಾಲು ಇಟ್ಟು ಇಳೀತೀನಿ. ಎಕ್ಸ್‌ರೇ ನೋಡಿ, ಹಳೇ ಪೆಟ್ಟಿಂದ ಗಂಟು ಸವೆದು ಬಂದಿರೋ ಆರ್ಥ್ರೈಟಿಸ್ ಅಂದ್ರು. ನೋವಿನ ಮಾತ್ರೆ ಆರು ತಿಂಗಳು ತಗೊಂಡೆ, ಹೊಟ್ಟೆ ಉರಿ ಶುರುವಾಗಿ ಬಿಟ್ಟೆ. ಈಗ ಮೂರು ವಾರದಿಂದ ಅರಿಶಿನದ ಕ್ಯಾಪ್ಸೂಲ್ (ಕಾಳುಮೆಣಸಿನ ಸಾರ ಸೇರಿರೋದು) ತಗೋತಿದೀನಿ. ನಿಮ್ಮಲ್ಲಿ ಯಾರಿಗಾದ್ರೂ ನೈಸರ್ಗಿಕ ಮದ್ದಿಂದ ನಿಜವಾಗ್ಲೂ ಗುಣ ಕಂಡಿದ್ರೆ ಏನು ಮಾಡಿದ್ರಿ, ಎಷ್ಟು ದಿನ ಮಾಡಿದ್ರಿ ಅಂತ ಹೇಳಿ. ಜಾಹೀರಾತಿನ ಮಾತು ಬೇಡ, ಅದನ್ನ ಸಾಕಷ್ಟು ಓದಿದೀನಿ.

ಸುಮಕ್ಕ:
ತಮ್ಮಾ, ನಂದೂ ಆಂಕಲ್ಲೇ, ಎಡಗಾಲು. ನಾನು ಮಾಡೋದು ಇಷ್ಟು. ರಾತ್ರಿ ಮಲಗೋ ಮುಂಚೆ ಎಳ್ಳೆಣ್ಣೆ ಉಗುರುಬೆಚ್ಚಗೆ ಮಾಡಿ, ಗಂಟಿನ ಎರಡೂ ಬದಿ ಮೂಳೆ ಉಬ್ಬಿರುತ್ತಲ್ಲ ಅದರ ಕೆಳಗಿನ ಹಳ್ಳದಲ್ಲಿ ಹೆಬ್ಬೆರಳಿಂದ ಮೆಲ್ಲಗೆ ಸುತ್ತು ಹಾಕಿ ತಿಕ್ತೀನಿ, ಹಿಮ್ಮಡಿಗೆ ಇಳಿಯೋ ದಪ್ಪ ನರಾನ ಎರಡು ಬೆರಳಲ್ಲಿ ಹಿಡಿದು ಮೇಲಿಂದ ಕೆಳಗೆ ನೀವ್ತೀನಿ. ಬೆಳಿಗ್ಗೆ ಬಕೆಟ್ಟಲ್ಲಿ ಬಿಸಿನೀರು, ಮೀನಖಂಡ ಅರ್ಧ ಮುಳುಗೋ ಅಷ್ಟು, ಹದಿನೈದು ನಿಮಿಷ ಕಾಲಿಟ್ಕೊಂಡು ನೀರೊಳಗೇ ಹೆಬ್ಬೆಟ್ಟಿನ ತುದಿಯಲ್ಲಿ ಅ ಆ ಇ ಈ ಬರೀತೀನಿ, ಳ ಬರೋ ತನಕ. ಮೊದಮೊದಲು ‘ಋ’ ಬರೆಯೋವಾಗ ಕಣ್ಣಲ್ಲಿ ನೀರು ಬರ್ತಿತ್ತು. ಒಂದೂವರೆ ತಿಂಗಳಾದ್ಮೇಲೆ ಬೆಳಗಿನ ಬಿಗಿತ ಎಷ್ಟೋ ಕಮ್ಮಿ ಆಯ್ತು. ಸವೆದಿದ್ದು ಮತ್ತೆ ಬೆಳೀತು ಅಂತ ನಾನು ಹೇಳಲ್ಲ, ಆದ್ರೆ ದಿನದ ಮೊದಲ ಹೆಜ್ಜೆಗೆ ಭಯ ಪಡೋದು ತಪ್ಪಿದೆ.

ಗುಳಿಗೆಪೊಟ್ಟಣ:
ನಾನು ಫಾರ್ಮಸಿಸ್ಟ್. ಸುಮಕ್ಕ ಹೇಳಿದ್ರಲ್ಲಿ ನನ್ನ ತಕರಾರಿಲ್ಲ, ಶಾಖ ಬಿಗಿತಕ್ಕೆ ಒಳ್ಳೇದು, ತಿಕ್ಕೋದ್ರಿಂದ ಸ್ನಾಯು ಸಡಿಲ ಆಗುತ್ತೆ, ಎಣ್ಣೆ ಯಾವುದಾದ್ರೂ ಅಷ್ಟೇ. ಆದ್ರೆ ಗಂಟು ಊದಿ ಬಿಸಿಯಾಗಿರೋ ದಿನ ಬಿಸಿನೀರು ಬೇಡ, ಆವತ್ತು ತಣ್ಣನೆ ಪಟ್ಟಿ ಹಾಕಿ. ನನ್ನ ಪ್ರಶ್ನೆ ಅರಿಶಿನದ ಬಗ್ಗೆ. ಅಡುಗೆ ಅರಿಶಿನದಲ್ಲಿ ಕರ್ಕ್ಯುಮಿನ್, ಅಂದ್ರೆ ಕೆಲಸ ಮಾಡೋ ಅಂಶ, ಇರೋದು ತೂಕದ ಸುಮಾರು 3 ಪರ್ಸೆಂಟ್ ಮಾತ್ರ, ಒಂದು ಚಮಚಕ್ಕೆ 100 ಮಿಲಿಗ್ರಾಂ ಆಸುಪಾಸು, ಮೊಣಕಾಲು ನೋವಿನ ಅಧ್ಯಯನಗಳಲ್ಲಿ ದಿನಕ್ಕೆ 1000 ಮಿಲಿಗ್ರಾಂ ಹತ್ತಿರ ಕೊಟ್ಟಿರ್ತಾರೆ. ಹಾಗಾಗಿ ಹಾಲಿಗೆ ಚಿಟಿಕೆ ಹಾಕಿ ಕುಡಿದ್ರೆ ನೋವು ಹೋಗುತ್ತೆ ಅನ್ನೋದು ಲೆಕ್ಕಕ್ಕೆ ಬರಲ್ಲ. ಕ್ಯಾಪ್ಸೂಲ್ ಬೇರೆ ಮಾತು, ಅದು ಔಷಧಿ ತರಾನೇ ಕೆಲಸ ಮಾಡುತ್ತೆ, ಔಷಧಿ ತರಾನೇ ತೊಂದರೇನೂ ಕೊಡುತ್ತೆ. 1998ರಲ್ಲಿ ಬಂದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದ್ರೆ ಮೆಣಸಿನ ಸಾರ, ಕೊಟ್ಟಾಗ ಮೈಗೆ ಹತ್ತೋದು 2000 ಪರ್ಸೆಂಟ್ ಜಾಸ್ತಿ ಆಯ್ತು. ಎಲ್ರೂ ಇದನ್ನ ಖುಷಿಯಿಂದ ಹೇಳ್ತಾರೆ, ಆದ್ರೆ ಅದೇ ಮೆಣಸಿನ ಸಾರ ನೀವು ತಗೊಳ್ಳೋ ಬೇರೆ ಮಾತ್ರೆಗಳನ್ನೂ ರಕ್ತದಲ್ಲಿ ಏರಿಸಬಹುದು. ಇಂಥ ಕ್ಯಾಪ್ಸೂಲಿಂದ ಲಿವರ್ ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ನೀವು ಬೇರೆ ಏನಾದ್ರೂ ಮಾತ್ರೆ ತಗೋತೀರಾ?

ಬೇರುನಾರು:
ಸರ್, ನಿಮ್ಮ ಮಾತು ಒಪ್ತೀನಿ ಆದ್ರೆ ತಕ್ಕಡಿ ಒಂದೇ ಇರ್ಲಿ. ಗಿಡಮೂಲಿಕೆಗೆ ಪುರಾವೆ ಕೇಳೋರು ಪ್ಯಾರಾಸಿಟಮಾಲ್‌ಗೆ ಯಾಕೆ ಕೇಳಲ್ಲ? ಮೊಣಕಾಲು ಸವೆತಕ್ಕೆ ಅದು ಔಷಧಿನೇ ಇಲ್ಲದ ಸುಳ್ಳು ಮಾತ್ರೆಗಿಂತ ಒಂಚೂರು ಮೇಲು ಅಷ್ಟೇ ಅಂತ ಅದೇ ವಿಜ್ಞಾನ ಹೇಳುತ್ತೆ. ಉಳಿದ ನೋವಿನ ಮಾತ್ರೆ ಹೊಟ್ಟೆಲಿ ಹುಣ್ಣು ಮಾಡುತ್ತೆ, ಕಿಡ್ನಿಗೆ ಪೆಟ್ಟು ಕೊಡುತ್ತೆ. ಶಲ್ಲಕಿ ಮರದ ಅಂಟಿನ ಮೇಲೆ 2003ರಲ್ಲಿ 30 ಜನರಿಗೆ ಎಂಟೆಂಟು ವಾರ ಕೊಟ್ಟು ನೋಡಿದ್ರು, 333 ಮಿಲಿಗ್ರಾಂ ದಿನಕ್ಕೆ ಮೂರು ಸಲ, ನೋವೂ ಊತಾನೂ ಕಮ್ಮಿ ಆಯ್ತು, ನಡೆಯೋ ದೂರ ಜಾಸ್ತಿ ಆಯ್ತು. ಆಸ್ಪಿರಿನ್ನಿನ ಮೂಲಾನೂ ವಿಲೋ ಮರದ ತೊಗಟೆ ತಾನೇ. ನಾನು ಮಾತ್ರೆ ವಿರೋಧಿ ಅಲ್ಲ, ನನ್ನ ತೋಳಿನ ಹಳೇ ಮುರಿತಕ್ಕೆ ಎರಡೂ ತಗೊಂಡವನು, ಶಲ್ಲಕಿ ಶುರು ಮಾಡಿದ್ಮೇಲೆ ಮಾತ್ರೆ ವಾರಕ್ಕೆ ಒಂದಕ್ಕೆ ಇಳೀತು, ಇದು ನನ್ನ ಮೈ ಮೇಲೆ ನಾನೇ ಕಂಡಿದ್ದು.

ಗುಳಿಗೆಪೊಟ್ಟಣ:
ನಿಮಗಾಗಿದ್ದು ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ 30 ಜನ ಅಂದ್ರೆ ಬಹಳ ಸಣ್ಣ ಲೆಕ್ಕ. ಗಂಟು ನೋವಿಗೆ ತಗೊಳ್ಳೋ ಗ್ಲುಕೋಸಮೈನ್ ಮಾತ್ರೆ ಕಥೆ ನೋಡಿ, ಚಿಕ್ಕ ಅಧ್ಯಯನಗಳಲ್ಲೆಲ್ಲ ಚೆನ್ನಾಗೇ ಕಾಣ್ತಿತ್ತು, 2006ರಲ್ಲಿ 1583 ಜನರ ಮೇಲೆ ದೊಡ್ಡದು ಮಾಡಿದಾಗ ಒಟ್ಟಾರೆ ಸುಳ್ಳು ಮಾತ್ರೆಗಿಂತ ಮೇಲು ಅಂತ ಬರಲೇ ಇಲ್ಲ. ತೊಗಟೆ ಬಗ್ಗೆ ನೀವೇ ಹೇಳಿದ್ರಿ, ಅದರೊಳಗೆ ಆಸ್ಪಿರಿನ್ನಿನ ಬಂಧು ಇದೆ ಅಂದ್ಮೇಲೆ ಆಸ್ಪಿರಿನ್ ಆಗದೇ ಇರೋರಿಗೆ ತೊಗಟೇನೂ ಆಗಲ್ಲ. ಮರದಿಂದ ಬಂತು ಅನ್ನೋದು ಅಪಾಯ ಇಲ್ಲ ಅನ್ನೋದಕ್ಕೆ ಸಾಕ್ಷಿ ಆಗಲ್ಲ, ನನ್ನ ವಾದ ಇಷ್ಟೇ.

ಅವ್ವನಮಗ:
ಅಣ್ಣಾವ್ರ, ನಂದೊಂದು ಮಾತ ಕೇಳ್ರಿ. ನಮ್ಮವ್ವಗ ಮೊಣಕಾಲ ಪೆಟ್ಟಿನ ನೋವು ಇತ್ತು, ಯಾರೋ ಕೊಟ್ಟ ಪುಡಿ ತಗೊಂಡ್ಳು, ಬರೇ ಬೇರಿನ ಪುಡಿ ಐತಿ ಅಂತ ಹೇಳಿ ಕೊಟ್ಟಿದ್ರು, ಪೊಟ್ಟಣದ ಮ್ಯಾಲ ಏನೂ ಬರದಿದ್ದಿಲ್ಲ. ನಾಕ ದಿನದಾಗ ನೋವು ಮಾಯ. ನಾವೆಲ್ಲಾ ದೇವ್ರ ಬಂದಂಗಾತು ಅಂದ್ವಿ. ಎರಡು ತಿಂಗಳಕ್ಕ ಮುಖ ದುಂಡಗ ಊದ್ಕೊಂತು, ಶುಗರ್ ಇಲ್ಲದಾಕಿಗೆ ಶುಗರ್ ಬಂತು, ಪುಡಿ ಬಿಟ್ಟ ಮೂರನೇ ದಿನಕ್ಕ ಎದ್ದು ನಿಲ್ಲಾಕ ಆಗಲಾರದಂಗ ಸುಸ್ತಾಗಿ ಬಿದ್ಲು. ಟೆಸ್ಟ್ ಮಾಡಿಸಿ ನೋಡಿದ್ರ ಅದರಾಗ ಸ್ಟಿರಾಯ್ಡ್ ಇತ್ತು. ಅದನ್ನ ಒಮ್ಮಿಗೇ ಬಿಡಬಾರದು, ಡಾಕ್ಟರ್ ಕಡೆ ಹೋಗಿ ಕಮ್ಮಿ ಕಮ್ಮಿ ಮಾಡ್ಕೋತ ಬಿಡಬೇಕು ಅನ್ನೂದು ನಮಗ ಯಾರೂ ಹೇಳಿದ್ದಿಲ್ಲ. ಹೆಸರಿಲ್ಲದ ಪುಡಿ ನಾಕ ದಿನದಾಗ ಕೆಲಸ ಮಾಡ್ತಂದ್ರ ಖುಷಿ ಪಡಬ್ಯಾಡ್ರಿ, ಅಂಜ್ರಿ.

ಬೇರುನಾರು:
ಅವ್ವ ಈಗ ಹೇಗಿದಾರೆ? ಇಂಥೋರಿಂದಲೇ ಮೂಲಿಕೆಗೆ ಕೆಟ್ಟ ಹೆಸರು. 2004ರಲ್ಲಿ ಅಮೆರಿಕದಲ್ಲಿ ಅಂಗಡೀಲಿ ಸಿಗೋ 70 ಆಯುರ್ವೇದ ಔಷಧಿ ಪರೀಕ್ಷೆ ಮಾಡಿದಾಗ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಇಲ್ಲಾ ಆರ್ಸೆನಿಕ್ ಸಿಕ್ಕಿತ್ತು, ಅದು ನನಗೂ ಗೊತ್ತು. ಅದಕ್ಕೇ ನಾನು ಭಸ್ಮ (ಲೋಹ ಸುಟ್ಟು ಮಾಡೋ ಪುಡಿ) ಸೇರಿರೋದನ್ನ ನಂಬಿಕಸ್ತ ವೈದ್ಯರಿಲ್ಲದೆ ಮುಟ್ಟಲ್ಲ.

ಅವ್ವನಮಗ:
ಈಗ ಆರಾಮ ಅದಾಳ್ರಿ. ಶುಗರ್ ಗುಳಿಗಿ ಮಾತ್ರ ಉಳ್ಕೊಂತು.

ನಡಿಗೆಪಾಠ:
ನಾನು ಫಿಸಿಯೋ. ಇಲ್ಲಿ ಬಂದ ಅಧ್ಯಯನಗಳೆಲ್ಲ ಮೊಣಕಾಲಿಂದು, ಅದೂ ಹೆಚ್ಚಾಗಿ ವಯಸ್ಸಾಗಿ ಸವೆದಿದ್ದು. ನಿಮ್ಮದು ಆಂಕಲ್. ಮೊಣಕಾಲು, ಸೊಂಟಕ್ಕೆ ಪೆಟ್ಟಿಲ್ಲದೇನೂ ಸವೆತ ಬರುತ್ತೆ, ಆಂಕಲ್‌ನಲ್ಲಿ ಮಾತ್ರ ಹತ್ತರಲ್ಲಿ ಏಳೆಂಟು ಜನಕ್ಕೆ ಹಳೇ ಪೆಟ್ಟೇ ಕಾರಣ. ಮುರಿದಾಗ ಮೂಳೆ ತುದಿ ಒಂದು ಕೂದಲೆಳೆ ಆಚೀಚೆ ಕೂಡಿದ್ರೂ ಭಾರ ಎಲ್ಲ ಸಣ್ಣ ಜಾಗದ ಮೇಲೆ ಬಿದ್ದು ವರ್ಷಗಟ್ಟಲೆ ತೇಯುತ್ತೆ. ಮೃದ್ವಸ್ಥಿಗೆ, ಅಂದ್ರೆ ಗಂಟೊಳಗೆ ಮೂಳೆ ತುದಿ ಮುಚ್ಚಿರೋ ಮೆತ್ತನೆ ಪದರಕ್ಕೆ, ರಕ್ತನಾಳ ಇಲ್ಲ, ನರಾನೂ ಇಲ್ಲ, ಸ್ಪಂಜಿನ ತರ ಒತ್ತಿದಾಗ ದ್ರವ ಹೊರಗೆ ಹೋಗಿ ಬಿಟ್ಟಾಗ ಒಳಗೆ ಬಂದು ಅದರಲ್ಲೇ ಅದಕ್ಕೆ ಊಟ, ಅಂದ್ರೆ ನೋವು ಅಂತ ಕಾಲು ಮಡಚಿ ಕೂತ್ರೆ ಅದು ಉಪವಾಸ ಬೀಳುತ್ತೆ. ಸುಮಕ್ಕನ ಅ ಆ ಇ ಈ ನೋಡಿ ನಂಗೆ ತುಂಬ ಸಂತೋಷ ಆಯ್ತು, ನನ್ನ ಪ್ರಕಾರ ಅವರಿಗೆ ಗುಣ ಕೊಟ್ಟಿದ್ದು ಎಣ್ಣೆಗಿಂತ ಆ ಅಕ್ಷರಗಳು.
ಅದರ ಜೊತೆ ಗೋಡೆ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸೋದು, ಇಳಿಸೋವಾಗ ಮೂರು ಎಣಿಸಿ, ಮೀನಖಂಡದ ಸ್ಟ್ರೆಚ್, ಆಮೇಲೆ ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲೋದು. ಮೆಟ್ಟಿಲು ಇಳಿಯೋದು ಕಷ್ಟ ಅಂದ್ರಲ್ಲ, ಪಾದ ಮೇಲ್ಮುಖವಾಗಿ ಪೂರ್ತಿ ಮಡಚ್ತಿಲ್ಲ ಅಂತ ಅರ್ಥ, ಅದಕ್ಕೆ ಆ ಸ್ಟ್ರೆಚ್ಚೇ ಮುಖ್ಯ. ಆದ್ರೆ ಮುಂದೆ ಮೂಳೆಗೆ ಮೂಳೆ ತಾಗಿ ಚುಚ್ಚಿದ ಹಾಗಾದ್ರೆ ಬಲವಂತ ಬೇಡ. ಮಾರನೇ ದಿನಕ್ಕೆ ನೋವು ಹಿಂದಿನ ದಿನಕ್ಕಿಂತ ಜಾಸ್ತಿ ಉಳಿದಿದ್ರೆ ಅರ್ಧಕ್ಕೆ ಇಳಿಸಿ, ನಿಲ್ಲಿಸ್ಬೇಡಿ. ತಳ ಮುಂದೆ ಬಾಗಿರೋ ಶೂ ಬರುತ್ತೆ, ತೊಟ್ಟಿಲಿನ ಕಾಲಿನ ತರ ಉರುಳೋದು, ಅದು ಗಂಟು ಮಡಚೋ ಕೆಲಸ ಕಮ್ಮಿ ಮಾಡುತ್ತೆ.

ಹಳೇಪೆಟ್ಟು:
ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆದಿದ್ದು ನೋಡಿ ಮನಸ್ಸು ತುಂಬಿ ಬಂತು. ಗುಳಿಗೆಪೊಟ್ಟಣ ಸರ್ ಕೇಳಿದ್ದಕ್ಕೆ ಉತ್ತರ ಕೊಡೋದು ಬಿಟ್ಟೋಯ್ತು. ಎಂಟು ತಿಂಗಳ ಹಿಂದೆ ಎದೆಬಡಿತ ಏರುಪೇರು ಅಂತ ವಾರ್ಫರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಮಾತ್ರೆ) ಕೊಟ್ಟಿದಾರೆ, ದಿನಾ ತಗೋತೀನಿ. ನೋವಿನ ಮಾತ್ರೆ ಅದಕ್ಕೂ ಮೊದ್ಲೇ ನಿಲ್ಲಿಸಿದ್ದೆ. ರಾತ್ರಿ ಒಂದು ಘಾಟು ವಾಸನೆಯ ನೋವಿನೆಣ್ಣೆ ಹಚ್ತೀನಿ, ಬಾಟ್ಲಿ ಮೇಲೆ ವಿಂಟರ್‌ಗ್ರೀನ್ ಅಂತಿದೆ. ಅದೂ ನೈಸರ್ಗಿಕಾನೇ ಅಲ್ವಾ.

ಗುಳಿಗೆಪೊಟ್ಟಣ:
ಸರ್, ದಯವಿಟ್ಟು ಇವತ್ತೇ ನಿಮ್ಮ ಡಾಕ್ಟರ್‌ಗೆ ಫೋನ್ ಮಾಡಿ. ಕ್ಯಾಪ್ಸೂಲು, ಆ ಎಣ್ಣೆ ಎರಡೂ ಅವರನ್ನ ಕೇಳೋ ತನಕ ನಿಲ್ಲಿಸಿ, ವಾರ್ಫರಿನ್ ಮಾತ್ರ ನೀವಾಗಿ ನಿಲ್ಲಿಸ್ಬೇಡಿ. ವಿಂಟರ್‌ಗ್ರೀನ್ ಎಣ್ಣೆ ಅಂದ್ರೆ ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್, ಆಸ್ಪಿರಿನ್ ಮನೆತನದ್ದು, ಚರ್ಮದಿಂದ ರಕ್ತಕ್ಕೆ ಹೋಗುತ್ತೆ, ವಾರ್ಫರಿನ್ ತಗೊಳ್ಳೋರಲ್ಲಿ ರಕ್ತ ಇನ್ನೂ ತೆಳು ಮಾಡಿರೋ ಉದಾಹರಣೆಗಳಿವೆ. ಅರಿಶಿನದ ಸಾರಕ್ಕೂ ಅದೇ ಎಚ್ಚರಿಕೆ. ಶುಂಠಿ ಕ್ಯಾಪ್ಸೂಲೂ ಬೇಡ. ಮಲ ಕಪ್ಪಾಗಿದೆಯಾ, ಹಲ್ಲುಜ್ಜುವಾಗ ರಕ್ತ ಬರುತ್ತಾ, ಮೈ ಮೇಲೆ ಕಾರಣ ಇಲ್ಲದೆ ನೀಲಿ ಕಲೆ ಇದೆಯಾ ನೋಡ್ಕೊಳ್ಳಿ.

ಬೇರುನಾರು:
ಮೇಲೆ ನಾನು ಶಲ್ಲಕಿ ಅಂದಿದ್ದನ್ನ ನೀವು ವಾರ್ಫರಿನ್ ಜೊತೆ ಕೇಳದೆ ಶುರು ಮಾಡ್ಬೇಡಿ ಸರ್. ಏನೇನು ತಗೋತೀರಿ ಅಂತ ನಾನೇ ಮೊದ್ಲು ಕೇಳ್ಬೇಕಿತ್ತು, ನಂದು ತಪ್ಪಾಯ್ತು.

ಹಳೇಪೆಟ್ಟು (ಆರು ವಾರದ ನಂತರ):
ಆವತ್ತೇ ಫೋನ್ ಮಾಡಿದೆ, ಮಾರನೇ ದಿನ ರಕ್ತ ಟೆಸ್ಟ್ ಮಾಡಿಸಿದ್ರು. ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ತಡ ಆಗುತ್ತೆ ಅಂತ ತೋರಿಸೋ ಅಂಕಿ) 2ರಿಂದ 3ರೊಳಗೆ ಇರ್ಬೇಕಾದ್ದು 4.1 ಆಗಿತ್ತು. ಕ್ಯಾಪ್ಸೂಲಿಂದಾನಾ ಎಣ್ಣೆಯಿಂದಾನಾ ಅಂತ ಖಚಿತವಾಗಿ ಹೇಳಕ್ಕಾಗಲ್ಲ ಅಂದ್ರು, ಎರಡೂ ಬಿಟ್ಟ ಮೇಲೆ ಮತ್ತೆ 2.6ಕ್ಕೆ ಬಂತು. ಡಾಕ್ಟರ್ ಹತ್ರ ತೋರಿಸಿದಾಗ ನಾನು ತಗೊಳ್ಳೋ ಎಲ್ಲದರ ಪಟ್ಟಿ ಕೇಳ್ತಿದ್ರು, ನಾನು ಅರಿಶಿನ ಔಷಧಿ ಅಲ್ಲ ಅಂತ ಬಿಟ್ಟಿದ್ದೆ.
ಈಗ ಬೆಳಿಗ್ಗೆ ಬಿಸಿನೀರು, ಅಕ್ಷರ, ಗೋಡೆ ಹಿಡ್ಕೊಂಡು ಹಿಮ್ಮಡಿ ಎತ್ತೋದು. ರಾತ್ರಿ ಡಾಕ್ಟರ್ ಒಪ್ಪಿದ್ಮೇಲೆ ಮೆಣಸಿನಕಾಯಿ ಸಾರದ ಕ್ಯಾಪ್ಸೈಸಿನ್ ಕ್ರೀಮು. ಮೊದಲ ವಾರ ಉರಿ ತಡ್ಕೊಳ್ಳೋಕಾಗದೆ ಬಿಡೋಣ ಅನ್ನಿಸ್ತು, ಹತ್ತು ದಿನಕ್ಕೆ ಉರಿ ಇಳೀತು. ನಿನ್ನೆ ಮೆಟ್ಟಿಲು ಇಳಿಯೋವಾಗ ನಾಲ್ಕು ಮೆಟ್ಟಿಲು ಒಂದೊಂದೇ ಕಾಲಲ್ಲಿ ಇಳಿದೆ, ಐದನೇದಕ್ಕೆ ನೋವಾಯ್ತು, ಮತ್ತೆ ಹಳೇ ತರ ಇಳಿದೆ.

ನಡಿಗೆಪಾಠ:
ನಾಲ್ಕು ಮೆಟ್ಟಿಲು ಅಂದ್ರೆ ಸಣ್ಣದಲ್ಲ ಸರ್. ಕ್ರೀಮು ದಿನಕ್ಕೆ ಮೂರ್ನಾಲ್ಕು ಸಲ ಹಚ್ಚಿದ್ರೇನೇ ಚರ್ಮದ ಕೆಳಗಿನ ನೋವಿನ ನರ ಮಂಕಾಗೋದು, ರಾತ್ರಿ ಒಂದೇ ಸಲ ಸಾಲಲ್ಲ, ಡಾಕ್ಟರ್ ಹತ್ರ ಕೇಳ್ಕೊಂಡು ಜಾಸ್ತಿ ಮಾಡಿ. ಹಚ್ಚಿದ ಕೈ ಸೋಪಲ್ಲಿ ತೊಳೀರಿ, ಕಣ್ಣು ಮುಟ್ಕೋಬೇಡಿ, ಹಚ್ಚೋ ಮುಂಚೆ ಮತ್ತೆ ಹಚ್ಚಿದ ತಕ್ಷಣ ಬಿಸಿನೀರು ಬೇಡ, ಮೈ ಸುಟ್ಟ ಹಾಗಾಗುತ್ತೆ.

ಸುಮಕ್ಕ:
ತಮ್ಮಾ, ಓದಿ ನೆಮ್ಮದಿ ಆಯ್ತು. ಅಕ್ಷರ ಎಲ್ಲಿ ತನಕ ಬರೀತಿದೀಯ?

ಹಳೇಪೆಟ್ಟು:
‘ಣ’ ತನಕ ಅಕ್ಕ. ಅಲ್ಲಿಗೆ ಕಾಲು ಸೋಲುತ್ತೆ.