ಸಹಾಯ ಬೇಕು: ಇಂಗ್ಲಿಷ್ ಉಚ್ಚಾರಣೆಗೆ ವಾಯ್ಸ್ ಟೈಪಿಂಗ್ ನಂಬಬಹುದಾ?

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಓದೋದು, ಬರೆಯೋದು ಹೇಗೋ ನಡೆಯುತ್ತೆ, ಉಚ್ಚಾರಣೆ ಮಾತ್ರ ಕೈಕೊಡುತ್ತೆ. ತಿದ್ದೋರು ಯಾರೂ ಇಲ್ಲ, ಹಾಗಾಗಿ ಫೋನೇ ಮೇಷ್ಟ್ರು. ಕೀಬೋರ್ಡಿನ ಮೈಕ್ ಒತ್ತಿ ಒಂದು ಪ್ಯಾರಾ ಗಟ್ಟಿಯಾಗಿ ಓದ್ತೀನಿ, ಸ್ಕ್ರೀನ್ ಮೇಲೆ ಏನು ಬರುತ್ತೆ ನೋಡ್ತೀನಿ.

ತೊಂದರೆ ಇಲ್ಲೇ. ಪೂರ್ತಿ ವಾಕ್ಯ ಹೇಳಿದ್ರೆ ಎಲ್ಲಾ ಸರಿಯಾಗೇ ಟೈಪ್ ಆಗುತ್ತೆ. ಅದೇ ಪದವನ್ನ ಒಂಟಿಯಾಗಿ ಹೇಳಿದ್ರೆ ಬೇರೆ ಏನೋ ಬರುತ್ತೆ, ಅದರಲ್ಲೂ ವಿ ಮತ್ತು ಡಬ್ಲ್ಯುಯಿಂದ ಶುರುವಾಗೋ ಪದಗಳು. (ನಮಗೆ ಎರಡಕ್ಕೂ ಒಂದೇ ‘ವ’ ತಾನೇ!) ಅಕ್ಕಪಕ್ಕದ ಪದ ನೋಡಿ ಫೋನೇ ಊಹೆ ಮಾಡಿ ಸರಿಪಡಿಸುತ್ತೆ ಅಂತ ಗೊತ್ತು. ಹಾಗಾದ್ರೆ ವಾಕ್ಯ ಸರಿ ಬಂದಿದ್ದಕ್ಕೆ ಬೆಲೆ ಏನು?

ಭಾಷೆಯ ಸೆಟ್ಟಿಂಗನ್ನ ಅಮೆರಿಕದ ಇಂಗ್ಲಿಷಿಂದ ಭಾರತೀಯ ಇಂಗ್ಲಿಷಿಗೆ ಬದಲಾಯಿಸಿದೆ, ತಪ್ಪು ಕಡಿಮೆ ಆಯ್ತು. ಆದ್ರೆ ನಾನು ಸುಧಾರಿಸಿದ್ನಾ, ಫೋನಿನ ತಪಾಸಣೆ ಸಡಿಲ ಆಯ್ತಾ? ನನ್ನ ದನಿ ರೆಕಾರ್ಡ್ ಮಾಡಿ ಆನ್‌ಲೈನ್ ನಿಘಂಟಿನ ಆಡಿಯೋ ಜೊತೆ ಹೋಲಿಸಿಯೂ ನೋಡಿದೆ, ನನ್ನ ಕಿವಿಗೆ ಎರಡೂ ಒಂದೇ ಥರ.

ಇದನ್ನ ದಾಟಿ ಬಂದವರು ಹೇಳಿ: ಅಭ್ಯಾಸಕ್ಕೆ ಒಂಟಿ ಪದ ಹೇಳಬೇಕಾ, ವಾಕ್ಯವಾ? ಯಾವ ಸೆಟ್ಟಿಂಗ್ ಇಡಲಿ? ಪದದೊಳಗೆ ಯಾವ ಧ್ವನಿ ತಪ್ಪಿತು ಅಂತ ತೋರಿಸೋ ಉಚಿತ ಆ್ಯಪ್ ನೀವೇ ಬಳಸಿದ್ದು ಯಾವುದಾದ್ರೂ ಇದೆಯಾ?