ಎರೆಮಣ್ಣಿನ ದಾರಿಗೆ ವಿ-ಕ್ರಾಸ್ ಪಿಕಪ್: ಯಾವ ಲಿಫ್ಟ್ ಕಿಟ್ ಸೂಕ್ತ?

ತಿಕೋಟಾ_ದ್ರಾಕ್ಷಿ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ತಿಕೋಟಾ ಭಾಗದಲ್ಲಿ ನಮ್ಮ ದ್ರಾಕ್ಷಿ ತೋಟವಿದೆ. ನನ್ನ ಬಳಿ ಇರುವುದು 255/60 ಆರ್ 18 ಟೈರುಗಳ ಇಸುಜು ವಿ-ಕ್ರಾಸ್, ಫೋರ್ ಬೈ ಫೋರ್ ಮಾದರಿ. ಅಥಣಿ ರಸ್ತೆ ಬಿಟ್ಟು ತೋಟದ ಕಡೆಗೆ ತಿರುಗಿದರೆ ಉಳಿದದ್ದೆಲ್ಲ ಎರೆಮಣ್ಣಿನ ಚಕ್ಕಡಿ ದಾರಿ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳು ಓಡಾಡಿ ಗಾಲಿಯ ಜಾಡು ಆಳವಾಗುತ್ತದೆ, ನಡುವಿನ ದಿಬ್ಬ ಒಣಗಿ ಕಲ್ಲಿನಂತಾಗುತ್ತದೆ; ಆ ದಿಬ್ಬಕ್ಕೆ ಗಾಡಿಯ ಹೊಟ್ಟೆ ಉಜ್ಜುತ್ತಿದೆ. ವರ್ಷದ ಬಹುಪಾಲು ಗಾಡಿ ಖಾಲಿಯಾಗಿಯೇ ಓಡುತ್ತದೆ, ಮನೆಯವರನ್ನು ವಿಜಯಪುರಕ್ಕೆ ಕರೆದೊಯ್ಯುವುದೂ ಅದರಲ್ಲಿಯೇ. ಒಣದ್ರಾಕ್ಷಿಯ ಹಂಗಾಮಿನಲ್ಲಿ ಮಾತ್ರ ನಾಲ್ಕೈದು ನೂರು ಕಿಲೋ ಹೇರುತ್ತೇವೆ.

ಲಿಫ್ಟ್ ಕಿಟ್ ಹಾಕಿಸಿ ಗಾಡಿಯನ್ನು ಎರಡು ಇಂಚು ಎತ್ತರಿಸಬೇಕೆಂದಿದ್ದೇನೆ. ಮುಂದೆ ಸ್ಪೇಸರ್ (ಸ್ಪ್ರಿಂಗ್ ಜೋಡಣೆಯ ಮೇಲಿಡುವ ಬಿಲ್ಲೆ), ಹಿಂದೆ ಉದ್ದನೆಯ ಶ್ಯಾಕಲ್ (ಪಾಟಾ, ಅಂದರೆ ಹಿಂದಿನ ಪಟ್ಟಿ ಸ್ಪ್ರಿಂಗನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿಕೊಡುವುದಾಗಿ ಒಬ್ಬರು ಕಡಿಮೆ ದರ ಹೇಳಿದ್ದಾರೆ. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಪಾಟಾ ಎಲ್ಲವೂ ಸೇರಿದ ಪೂರ್ಣ ಕಿಟ್ಟಿಗೆ ಅದರ ಹಲವು ಪಟ್ಟು ಖರ್ಚು. ಜೊತೆಗೆ ಮುಂಭಾಗಕ್ಕೆ ಉಕ್ಕಿನ ಗಾರ್ಡ್ ಕೂಡಿಸುವ ಆಲೋಚನೆಯೂ ಇದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಖಾನಾಪುರ_ಕಾಡುದಾರಿ (ಬೆಳಗಾವಿ)

ಗೌಡರೇ, ಎಷ್ಟು ಇಂಚು ಎಂಬುದಕ್ಕಿಂತ ಮೊದಲು ಎಷ್ಟು ಭಾರ ಎಂಬುದನ್ನು ನಿರ್ಧರಿಸಬೇಕು, ಏಕೆಂದರೆ ಒಳ್ಳೆಯ ಕಿಟ್ಟುಗಳನ್ನು ಭಾರದ ಲೆಕ್ಕದಲ್ಲಿಯೇ ಮಾರುತ್ತಾರೆ. ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್, ಡಾಬಿನ್‌ಸನ್ಸ್ ಮೊದಲಾದ ಆಸ್ಟ್ರೇಲಿಯದ ಕಂಪನಿಗಳಲ್ಲಿ ಒಂದೇ ಗಾಡಿಗೆ ಹಿಂದಿನ ಪಾಟಾಗಳು ಬೇರೆ ಬೇರೆ ಬಿಗುವಿನಲ್ಲಿ ಸಿಗುತ್ತವೆ: ಖಾಲಿ ಅಥವಾ ಹಗುರ ಬಳಕೆಗೆ ಒಂದು, ಸುಮಾರು 300 ಕಿಲೋ ಸದಾ ಹೊರುವವರಿಗೆ ಒಂದು, 500 ಕಿಲೋ ಹೊರುವವರಿಗೆ ಇನ್ನೊಂದು. ಇಲ್ಲಿ ಸದಾ ಎಂಬ ಮಾತು ಮುಖ್ಯ. ಹಂಗಾಮಿನ ಭಾರವನ್ನು ನೆನೆದು 500 ಕಿಲೋದ ಪಾಟಾ ಹಾಕಿಸಿದರೆ ಉಳಿದ ತಿಂಗಳುಗಳಲ್ಲಿ ಖಾಲಿ ಗಾಡಿಯ ಹಿಂಭಾಗ ಪುಟಿಯುತ್ತದೆ, ಉಬ್ಬುತಗ್ಗಿನ ರಸ್ತೆಯಲ್ಲಿ ಹಿಂದಿನ ಗಾಲಿಗಳ ಹಿಡಿತ ತಪ್ಪುತ್ತದೆ, ಹಿಂದಿನ ಸೀಟಿನಲ್ಲಿ ಕುಳಿತ ಹಿರಿಯರ ಬೆನ್ನಿಗೂ ತೊಂದರೆ. ತಮ್ಮ ಬಳಕೆಗೆ ಹಗುರ ಅಥವಾ ಮಧ್ಯಮ ಪಾಟಾ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ವಿಷಯವನ್ನು ಅನೇಕರು ಗಮನಿಸುವುದಿಲ್ಲ. ಲಿಫ್ಟ್ ಕಿಟ್ ಚಾಸಿಯನ್ನು ಎತ್ತುತ್ತದೆಯೇ ಹೊರತು ಹಿಂದಿನ ಆಕ್ಸಲ್ಲನ್ನಲ್ಲ. ಆಕ್ಸಲ್ ನಡುವೆ ಗೇರುಗಳಿರುವ ಡಿಫರೆನ್ಷಿಯಲ್‌ನ ಗುಂಡು ನೆಲದಿಂದ ಮೊದಲು ಎಷ್ಟು ಎತ್ತರದಲ್ಲಿತ್ತೋ ಅಷ್ಟೇ ಉಳಿಯುತ್ತದೆ. ಅದನ್ನು ಮೇಲೆತ್ತುವುದು ಟೈರು ಮಾತ್ರ, ಅದೂ ವ್ಯಾಸದ ಹೆಚ್ಚಳದಲ್ಲಿ ಅರ್ಧದಷ್ಟು. 255/60 ಆರ್ 18 ಟೈರಿನ ವ್ಯಾಸ ಸುಮಾರು 763 ಮಿಲಿಮೀಟರ್, 265/60 ಆರ್ 18 ಹಾಕಿದರೆ ಸುಮಾರು 775. ಅಂದರೆ ಆಕ್ಸಲ್ ಏರುವುದು ಕೇವಲ 6 ಮಿಲಿಮೀಟರ್. ಆದ್ದರಿಂದ ದಿಬ್ಬಕ್ಕೆ ತಾಗುತ್ತಿರುವುದು ಯಾವ ಭಾಗ ಎಂದು ಗಾಡಿಯ ಕೆಳಗೆ ಮಲಗಿ ಗೀರಿನ ಗುರುತು ನೋಡಿರಿ. ಡಿಫರೆನ್ಷಿಯಲ್ ಮೇಲೆ ಗೀರಿದ್ದರೆ ಎರಡು ಇಂಚಿನ ಕಿಟ್ ತಮ್ಮ ತೊಂದರೆಯನ್ನು ನಿವಾರಿಸುವುದಿಲ್ಲ.

ಗ್ಯಾರೇಜ್_ಜಮಖಂಡಿ (ಬಾಗಲಕೋಟೆ)

ಮೇಲಿನವರು ಹೇಳಿದ್ದು ಸರಿಯಿದೆ. ಸ್ಪೇಸರ್ ವಿಷಯವನ್ನು ನಾನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಕಬ್ಬಿನ ಸೀಮೆಯಲ್ಲಿ ಇದನ್ನು ಹಾಕಿಸಿಕೊಂಡು ಬರುವವರು ಬಹಳ.

ವಿ-ಕ್ರಾಸ್ ಮುಂಭಾಗದಲ್ಲಿ ಡಬಲ್ ವಿಶ್‌ಬೋನ್ ಜೋಡಣೆ (ಗಾಲಿಯನ್ನು ಹಿಡಿಯುವ ಮೇಲಿನ ಮತ್ತು ಕೆಳಗಿನ ಎರಡು ತೋಳು) ಇದ್ದು, ಕಾಯಿಲ್ ಸ್ಪ್ರಿಂಗ್ ಗಾಲಿಗಿಂತ ಒಳಗೆ ಕೂರುತ್ತದೆ. ಹೀಗಾಗಿ ಸ್ಪ್ರಿಂಗ್ ಮತ್ತು ಶಾಕ್ ಸೇರಿದ ಸ್ಟ್ರಟ್ಟಿನ ಮೇಲೆ ಇಟ್ಟ ಒಂದು ಇಂಚಿನ ಸ್ಪೇಸರ್ ಗಾಲಿಯ ಬಳಿ ಹೆಚ್ಚುಕಡಿಮೆ ಎರಡು ಇಂಚಿನ ಎತ್ತರ ಕೊಡುತ್ತದೆ. ಎರಡು ಇಂಚಿನ ಸ್ಪೇಸರನ್ನೇ ಇಟ್ಟರೆ ಎತ್ತರ ಸುಮಾರು ನಾಲ್ಕು ಇಂಚಾಗಿ, ಗಾಲಿ ಹಳ್ಳಕ್ಕೆ ಇಳಿದಾಗ ಮೇಲಿನ ತೋಳಿನ ತುದಿಯ ಬಾಲ್ ಜಾಯಿಂಟ್ ತನ್ನ ಮಿತಿ ದಾಟಿ ಬಾಗುತ್ತದೆ, ಮುಂದಿನ ಗಾಲಿಗೆ ಇಂಜಿನ್ನಿನ ಬಲ ಒಯ್ಯುವ ಸಿವಿ ಜಾಯಿಂಟಿನ ಕೋನ ಹೆಚ್ಚಿ ಅದರ ರಬ್ಬರ್ ಬೂಟು ಹರಿಯುತ್ತದೆ. ಬೂಟು ಹರಿದ ಮೇಲೆ ಎರೆಮಣ್ಣು ಒಳಗೆ ಸೇರಿದರೆ ಜಾಯಿಂಟ್ ಉಳಿಯುವುದಿಲ್ಲ. ಹಳೆಯ ಸ್ಪ್ರಿಂಗ್, ಹಳೆಯ ಶಾಕ್ ಹಾಗೆಯೇ ಇರುವುದರಿಂದ ಸ್ಪೇಸರಿನಿಂದ ಸಿಗುವುದು ಎತ್ತರ ಮಾತ್ರ. ಗಾಡಿಯ ತಾಳಿಕೆ ಸುಧಾರಿಸುವುದಿಲ್ಲ. ಶ್ಯಾಕಲ್ ಲೆಕ್ಕ ಇದಕ್ಕೆ ಉಲ್ಟಾ: ಎರಡು ಇಂಚು ಉದ್ದದ ಶ್ಯಾಕಲ್ ಹಾಕಿದರೆ ಆಕ್ಸಲ್ ಬಳಿ ಒಂದೇ ಇಂಚು ಸಿಗುತ್ತದೆ, ಜೊತೆಗೆ ಆಕ್ಸಲ್ ತಿರುಚಿ ಅದಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಕಂಪನ ಶುರುವಾಗಬಹುದು. ಗ್ಯಾಸ್ ಕಟರಿನಿಂದ ಕತ್ತರಿಸಿ ವೆಲ್ಡ್ ಮಾಡಿದ ಶ್ಯಾಕಲನ್ನು ನಾನು ಯಾವ ಗಾಡಿಗೂ ಕೂರಿಸುವುದಿಲ್ಲ. ಇಡೀ ಗಾಡಿಯ ಹಿಂಭಾಗ ಅದರ ಮೇಲೆಯೇ ನಿಂತಿರುತ್ತದೆ.

ಬ್ರೇಕ್ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೆ ಸರಳು ಜೋಡಿಸಿದ ಒಂದು ವಾಲ್ವ್ ಇರುತ್ತದೆ. ಚಾಸಿ ತಗ್ಗಿದಂತೆ ಅದು ಭಾರ ಏರಿದೆ ಎಂದು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಗಾಡಿಯನ್ನು ಎತ್ತರಿಸಿ ಆ ಸರಳನ್ನು ಸರಿಹೊಂದಿಸದಿದ್ದರೆ, ಭಾರ ಹೇರಿದಾಗಲೂ ವಾಲ್ವ್ ಅದನ್ನು ಖಾಲಿ ಗಾಡಿಯೆಂದೇ ಭಾವಿಸಿ ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ತಮ್ಮ ಗಾಡಿಯಲ್ಲಿ ಅದು ಇದೆಯೇ ಎಂದು ನೋಡಿಸಿ, ಬ್ರೇಕಿನ ಹೋಸ್ ಪೈಪುಗಳು ಗಾಲಿ ಪೂರ್ತಿ ಇಳಿದಾಗ ಬಿಗಿಯಾಗುವುದಿಲ್ಲವೇ ಎಂದು ಪರೀಕ್ಷಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ ಹೆಡ್‌ಲೈಟ್ ಬೆಳಕಿನ ಕೋನ ತಗ್ಗಿಸಬೇಕು.

ಬಾಗಲಕೋಟೆ_ಹೆದ್ದಾರಿ

ಕಾನೂನಿನ ಕಡೆಯನ್ನೂ ಗಮನಿಸಬೇಕೆಂದು ವಿನಂತಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಕೊಳ್ಳುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿರಿ. ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ಹೊತ್ತಿನಲ್ಲಿ ಪರಿಹಾರಕ್ಕೆ ತಕರಾರಾಗಬಹುದು. ಉಕ್ಕಿನ ಗಾರ್ಡಿನ ಆಲೋಚನೆಯನ್ನಂತೂ ಕೈಬಿಡಿ: 2017ರ ಡಿಸೆಂಬರಿನಲ್ಲಿಯೇ ಕೇಂದ್ರ ಸಾರಿಗೆ ಸಚಿವಾಲಯ ಅಂಥ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಸೂಚಿಸಿದೆ, ಪಾದಚಾರಿಗಳಿಗೂ ಅವು ಅಪಾಯಕಾರಿ.

ಪಾಟಾ ಬಿಗಿಯಾದ ಮಾತ್ರಕ್ಕೆ ನೋಂದಣಿ ಪತ್ರದಲ್ಲಿ ಬರೆದ ಒಟ್ಟು ತೂಕದ ಮಿತಿ ಹೆಚ್ಚುವುದಿಲ್ಲ ಎಂಬುದೂ ನೆನಪಿರಲಿ.

ತಿಕೋಟಾ_ದ್ರಾಕ್ಷಿ (ವಿಜಯಪುರ)

ತಮ್ಮೆಲ್ಲರಿಗೂ ಅನಂತ ಧನ್ಯವಾದಗಳು. ಕೆಳಗೆ ಮಲಗಿ ನೋಡಿದೆ: ಗೀರುಗಳು ಗೇರ್‌ಬಾಕ್ಸಿನ ಕೆಳಗಿನ ಅಡ್ಡಪಟ್ಟಿಯ ಮೇಲೆ ಮತ್ತು ಪಕ್ಕದ ಫುಟ್‌ಸ್ಟೆಪ್‌ಗಳ ಮೇಲಿವೆ, ಡಿಫರೆನ್ಷಿಯಲ್ ಮೇಲೆ ಇಲ್ಲ. ಗಾರ್ಡ್ ಬೇಡವೆಂದು ತೀರ್ಮಾನಿಸಿದ್ದೇನೆ. ಆರ್‌ಟಿಒ ಕಚೇರಿಯಲ್ಲಿ ಒಪ್ಪಿಗೆ ಸಿಕ್ಕರೆ 40 ಮಿಲಿಮೀಟರಿನ ಪೂರ್ಣ ಕಿಟ್, ಹಿಂದೆ ಮಧ್ಯಮ ಪಾಟಾ ಎಂದು ಯೋಚಿಸುತ್ತಿದ್ದೇನೆ. ಮುಂಭಾಗವನ್ನು ಹಿಂಭಾಗದಷ್ಟೇ ಎತ್ತರಕ್ಕೆ ತರಬೇಕೇ? ಕೂಡಿಸುವಾಗ ನಾನು ಎದುರಿಗೆ ನಿಂತು ಏನನ್ನು ನೋಡಿಕೊಳ್ಳಬೇಕು?

ಗ್ಯಾರೇಜ್_ಜಮಖಂಡಿ (ಬಾಗಲಕೋಟೆ)

ಸಮ ಮಾಡಬೇಡಿ ಸರ್, ಖಾಲಿ ಇದ್ದಾಗ ಹಿಂಭಾಗ ಒಂದಿಷ್ಟು ಮೇಲೆಯೇ ಇರಲಿ. ಇಲ್ಲವಾದರೆ ಒಣದ್ರಾಕ್ಷಿ ಹೇರಿದ ದಿನ ಗಾಡಿಯ ಮೂತಿ ಮೇಲೆದ್ದು ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಗಾರ್ಡ್ ಹಾಕುತ್ತಿಲ್ಲವಾದ್ದರಿಂದ ಮುಂದಿನ ಕಾಯಿಲ್ ಕೂಡ ಸಾಮಾನ್ಯ ಭಾರದ್ದೇ ಇರಲಿ. ಮೊದಲು ಫುಟ್‌ಸ್ಟೆಪ್‌ಗಳನ್ನು ಬಿಚ್ಚಿ ಒಂದು ಮಳೆಗಾಲ ಓಡಿಸಿ ನೋಡುವುದೂ ಒಳ್ಳೆಯದು, ಅದಕ್ಕೆ ಖರ್ಚಿಲ್ಲ. ಹಸಿ ಎರೆಯಲ್ಲಿ ಎತ್ತರಕ್ಕಿಂತ ಟೈರಿನ ಹಲ್ಲುಗಳೇ ಹೆಚ್ಚು ಕೆಲಸ ಮಾಡುತ್ತವೆ. ಮಣ್ಣು ಮೆತ್ತಿ ಹಲ್ಲು ಮುಚ್ಚಿದ ಮೇಲೆ ನಾಲ್ಕೂ ಗಾಲಿ ತಿರುಗಿದರೂ ಗಾಡಿ ಜಾರುತ್ತದೆ.

ಕೂಡಿಸುವಾಗ ಪಾಟಾವನ್ನು ಆಕ್ಸಲ್ಲಿಗೆ ಬಿಗಿಯುವ ಹಳೆಯ ಯು-ಬೋಲ್ಟುಗಳನ್ನು ಮತ್ತೆ ಹಾಕಲು ಬಿಡಬೇಡಿ, ಹೊಸದನ್ನೇ ಕೇಳಿ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಗಾಡಿ ಜ್ಯಾಕಿನ ಮೇಲಿರುವಾಗ ಕೈಬಿಗಿ ಮಾತ್ರ ಮಾಡಿ, ನೆಲಕ್ಕಿಳಿಸಿ ಗಾಲಿಗಳ ಮೇಲೆ ಪೂರ್ತಿ ಭಾರ ಬಿದ್ದ ಮೇಲೆಯೇ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ತೂಗಾಡುವಾಗಲೇ ಬಿಗಿದರೆ ಬುಷ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. 500 ಕಿಲೋಮೀಟರ್ ಓಡಿದ ನಂತರ ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಬಿಗಿಸಿ, ಅಲೈನ್‌ಮೆಂಟ್ ಮತ್ತೆ ನೋಡಿಸಿರಿ.